ಎಲ್‌ಎಕ್ಸ್‌ಸಿ

ಎಲ್‌ಎಕ್ಸ್‌ಸಿ ಎಂಬುದು ಒಂದೇ ಲಿನಕ್ಸ್ ಯಂತ್ರದಲ್ಲಿ ಹಲವು ಪ್ರತ್ಯೇಕ ಲಿನಕ್ಸ್ ವ್ಯವಸ್ಥೆಗಳನ್ನು ನಡೆಸಲು ನೆರವಾಗುವ ಮುಕ್ತ ತಂತ್ರಾಂಶ. ಇಂಥ ಒಂದೊಂದು ವ್ಯವಸ್ಥೆಗೂ ಸಿಸ್ಟಂ ಕಂಟೇನರ್ ಎಂದು ಹೆಸರು. ವರ್ಚುವಲ್ ಯಂತ್ರಕ್ಕೆ ತನ್ನದೇ ಕರ್ನಲ್ (ಕಾರ್ಯಾಚರಣ ವ್ಯವಸ್ಥೆಯ ತಿರುಳು) ಇರುತ್ತದೆ. ಕಂಟೇನರ್‌ಗಳೆಲ್ಲ ಮೂಲ ಯಂತ್ರದ ಕರ್ನಲ್ಲನ್ನೇ ಹಂಚಿಕೊಳ್ಳುತ್ತವೆ. ಹೀಗಾಗಿ ಅವು ಬೇಗ ಚಾಲೂ ಆಗುತ್ತವೆ, ಕಡಿಮೆ ಮೆಮೊರಿ ಸಾಕು. ಆದರೆ ಅವುಗಳೊಳಗೆ ವಿಂಡೋಸ್ ನಡೆಯದು.

ಹಿನ್ನೆಲೆ

ಕಂಟೇನರ್ ಎಂಬ ಒಂದೇ ಸೌಲಭ್ಯ ಕರ್ನಲ್‌ನಲ್ಲಿಲ್ಲ. ಬೇರೆಬೇರೆ ಸೌಲಭ್ಯಗಳನ್ನು ಎಲ್‌ಎಕ್ಸ್‌ಸಿ ಜೋಡಿಸುತ್ತದೆ. ಕಡತವ್ಯವಸ್ಥೆ, ಪ್ರಕ್ರಿಯೆ, ನೆಟ್‌ವರ್ಕ್ ಮುಂತಾದವನ್ನು ಪ್ರತ್ಯೇಕಿಸಿ ತೋರಿಸುವುದು ನೇಮ್‌ಸ್ಪೇಸ್. ಸಿಪಿಯು, ಮೆಮೊರಿಗಳಿಗೆ ಮಿತಿ ಹಾಕುವುದು ಸಿಗ್ರೂಪ್. ಗೂಗಲ್ ಎಂಜಿನಿಯರುಗಳು 2006ರಲ್ಲಿ ಆರಂಭಿಸಿದ ಸಿಗ್ರೂಪ್ 2008ರ 2.6.24 ಕರ್ನಲ್‌ನಲ್ಲಿ ಸೇರಿತು. ಎಲ್‌ಎಕ್ಸ್‌ಸಿ ಬಂದದ್ದೂ ಅದೇ ವರ್ಷ. 1.0 ಆವೃತ್ತಿ 2014ರ ಫೆಬ್ರವರಿಯಲ್ಲಿ ಬಿಡುಗಡೆಯಾಯಿತು.

ಸ್ಥಾಪನೆ

ಉಬುಂಟುವಿನಲ್ಲಿ ಎಲ್‌ಎಕ್ಸ್‌ಸಿ ಪ್ಯಾಕೇಜ್ ಹಾಕಿದರೆ 'ಎಲ್‌ಎಕ್ಸ್‌ಸಿಬಿಆರ್0' ಎಂಬ ನೆಟ್‌ವರ್ಕ್ ಸೇತುವೆಯೂ ಸಿದ್ಧವಾಗುತ್ತದೆ. ಅದರ ರೂಢಿಯ ವಿಳಾಸ 10.0.3.1, ಕಂಟೇನರ್‌ಗಳಿಗೆ ಇದೇ ಸಾಲಿನ ಐಪಿ ಸಿಗುತ್ತದೆ. 'ಎಲ್‌ಎಕ್ಸ್‌ಸಿ-ಕ್ರಿಯೇಟ್' ಆದೇಶಕ್ಕೆ ಡೌನ್‌ಲೋಡ್ ಟೆಂಪ್ಲೇಟ್ ಕೊಟ್ಟು ವಿತರಣೆ, ಆವೃತ್ತಿ, ಪ್ರೊಸೆಸರ್ ಬಗೆಯನ್ನು ಆರಿಸಿದರೆ ಸಿದ್ಧ ಇಮೇಜ್ ಇಳಿಯುತ್ತದೆ. ಮೆಮೊರಿ ಮಿತಿ, ನೆಟ್‌ವರ್ಕ್ ಮುಂತಾದವನ್ನು ಆಯಾ ಕಂಟೇನರ್‌ನ 'ಕಾನ್ಫಿಗ್' ಕಡತದಲ್ಲಿ ಬರೆಯಬೇಕು. ಬಳಿಕ 'ಎಲ್‌ಎಕ್ಸ್‌ಸಿ-ಸ್ಟಾರ್ಟ್' ಅದನ್ನು ಚಾಲೂ ಮಾಡುತ್ತದೆ, 'ಎಲ್‌ಎಕ್ಸ್‌ಸಿ-ಅಟ್ಯಾಚ್' ಒಳಗಿನ ಶೆಲ್ ತೆರೆಯುತ್ತದೆ. ಒಳಗೆ ನೋಡಿದರೆ ಇನಿಟ್ ಪ್ರಕ್ರಿಯೆಯ ಸಂಖ್ಯೆ 1. ಅದೇ ಪ್ರಕ್ರಿಯೆ ಮೂಲ ಯಂತ್ರದಲ್ಲಿ ಬೇರೆ ಸಂಖ್ಯೆಯಿಂದ ಕಾಣುತ್ತದೆ.

ಸುರಕ್ಷತೆ

ಕಂಟೇನರ್‌ನ ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಹೊರಗೂ ರೂಟ್ ಆಗಿದ್ದರೆ ಅಪಾಯ. ಅದಕ್ಕಾಗಿ ಸವಲತ್ತುರಹಿತ ಕಂಟೇನರ್ ಬಳಸುತ್ತಾರೆ. 'ಸಬ್‌ಯುಐಡಿ', 'ಸಬ್‌ಜಿಐಡಿ' ಕಡತಗಳಲ್ಲಿ, ಉದಾಹರಣೆಗೆ, 100000ದಿಂದ ಮೊದಲಾಗಿ 65536 ಗುರುತುಸಂಖ್ಯೆಗಳನ್ನು ಮೀಸಲಿಟ್ಟು ಕಂಟೇನರ್‌ಗೆ ಹೊಂದಿಸಿದರೆ, ಒಳಗಿನ ರೂಟ್ ಹೊರಗೆ 100000 ಸಂಖ್ಯೆಯ ಸಾಮಾನ್ಯ ಬಳಕೆದಾರನಷ್ಟೆ. 2013ರ 3.8 ಕರ್ನಲ್‌ನಲ್ಲಿ ಯೂಸರ್ ನೇಮ್‌ಸ್ಪೇಸ್ ಪೂರ್ಣ ರೂಪಕ್ಕೆ ಬಂದದ್ದರಿಂದ ಇದು ಸಾಧ್ಯವಾಯಿತು. ಆದರೂ ಕರ್ನಲ್‌ನಲ್ಲೇ ದೋಷವಿದ್ದರೆ ಎಲ್ಲ ಕಂಟೇನರ್‌ಗಳಿಗೂ ಅದರ ಬಿಸಿ ತಟ್ಟಬಹುದು.

ಸಂಬಂಧಿತ ತಂತ್ರಾಂಶಗಳು

2013ರಲ್ಲಿ ಬಂದ ಡಾಕರ್ ಮೊದಲು ಎಲ್‌ಎಕ್ಸ್‌ಸಿಯನ್ನೇ ಆಧರಿಸಿತ್ತು. ಮರುವರ್ಷ ತನ್ನದೇ ಲೈಬ್ರರಿಗೆ ಬದಲಾಯಿತು. ಡಾಕರ್ ಹೆಚ್ಚಾಗಿ ಒಂದು ಅನ್ವಯವನ್ನು ನಡೆಸಿದರೆ, ಎಲ್‌ಎಕ್ಸ್‌ಸಿ ಇಡೀ ವ್ಯವಸ್ಥೆಯನ್ನು ನಡೆಸುತ್ತದೆ. ಎಲ್‌ಎಕ್ಸ್‌ಸಿಯ ಮೇಲೆ ಕ್ಯಾನೊನಿಕಲ್ ಸಂಸ್ಥೆ ಎಲ್‌ಎಕ್ಸ್‌ಡಿ ಎಂಬ ನಿರ್ವಹಣಾ ತಂತ್ರಾಂಶವನ್ನು ಕಟ್ಟಿತು. 2023ರಲ್ಲಿ ಅದರಿಂದ ಕವಲೊಡೆದ ಇಂಕಸ್ ಅನ್ನು ಸಮುದಾಯ ನಡೆಸುತ್ತಿದೆ.