ಶಿಬಿರಾಗ್ನಿಯ ಸುತ್ತಲಿನ ಭೂತ

ಭೂತದ ಕಥೆಯನ್ನು ಹಗಲಿನಲ್ಲಿ ಹೇಳಿದರೆ ಕೇಳುವವರಿಲ್ಲ. ಅದಕ್ಕೆ ಕತ್ತಲೆ ಬೇಕು, ಕತ್ತಲೆಯ ನಡುವೆ ಒಂದಿಷ್ಟು ಬೆಂಕಿ ಬೇಕು, ಬೆಂಕಿಯ ಸುತ್ತ ಮನೆಬಿಟ್ಟು ಬಂದ ಎಳೆಯರು ಒತ್ತೊತ್ತಾಗಿ ಕುಳಿತಿರಬೇಕು. ಈ ಅನುಕೂಲಗಳೆಲ್ಲ ಒಂದೆಡೆ ದೊರೆಯುವ ತಾಣ ಅಮೆರಿಕದ ಬೇಸಗೆಯ ಶಿಬಿರ. ಅಲ್ಲಿ ಹುಟ್ಟಿ ಬೆಳೆದ ಭೂತವೊಂದರ ಚರಿತ್ರೆ ವಿಚಾರಯೋಗ್ಯವಾಗಿದೆ.

ಈ ಶಿಬಿರಗಳ ಸಂಪ್ರದಾಯ ಉಪಾಧ್ಯಾಯರಿಂದ ಮೊದಲಾಯಿತೆಂದು ಹೇಳುತ್ತಾರೆ. 1861ರಲ್ಲಿ ಕನೆಕ್ಟಿಕಟ್ ಸಂಸ್ಥಾನದ ಫ್ರೆಡರಿಕ್ ಗನ್ ಎಂಬವರು ತಮ್ಮ ಶಾಲೆಯ ಹುಡುಗರನ್ನು ಕಡಲತೀರಕ್ಕೆ ನಡೆಸಿಕೊಂಡು ಹೋಗಿ ಗುಡಾರಗಳಲ್ಲಿ ಇರಿಸಿದರು. 1881ರಲ್ಲಿ ಅರ್ನೆಸ್ಟ್ ಬಾಲ್ಚ್ ಎಂಬ ತರುಣ ನ್ಯೂ ಹ್ಯಾಂಪ್‌ಷೈರಿನ ಸರೋವರವೊಂದರ ದ್ವೀಪದಲ್ಲಿ ಬಾಲಕರ ಶಿಬಿರ ತೆರೆದ. ಕಾರ್ಖಾನೆಗಳ ಹೊಗೆಯಲ್ಲಿ ಬೆಳೆಯುವ ಪಟ್ಟಣದ ಮಕ್ಕಳಿಗೆ ಕಾಡು, ನೀರು, ಸ್ವಾವಲಂಬನೆ ಇವುಗಳ ಪರಿಚಯವಾಗಲಿ ಎಂಬುದು ಇಂಥವರ ಆಶಯ. ಆದರೆ ಕಾಡಿನ ಪರಿಚಯದೊಡನೆ ಕಾಡಿನ ಭಯವೂ ಬಂತು. ಭಯದ ಬೆನ್ನಿಗೆ ಕಥೆ ಬಂತು.

ನ್ಯೂಯಾರ್ಕ್ ಸಂಸ್ಥಾನದ ಶಿಬಿರಗಳಲ್ಲಿ ತಲೆಮಾರುಗಳಿಂದ ಹೇಳಿಕೊಂಡು ಬಂದ ಕಥೆಯ ನಾಯಕನ ಹೆಸರು ಕ್ರಾಪ್ಸಿ. 1977ರಲ್ಲಿ ಲೀ ಹೇರಿಂಗ್ ಮತ್ತು ಮಾರ್ಕ್ ಬ್ರೆಸ್ಲರ್‌ಮನ್ ಎಂಬ ವಿದ್ವಾಂಸರು ಇದರ ಪಾಠಾಂತರಗಳನ್ನು ಸಂಗ್ರಹಿಸಿ ಪ್ರಕಟಿಸಿದರು. ಕಥೆಯ ಹಂದರ ಇಷ್ಟೇ: ಕ್ರಾಪ್ಸಿ ಊರಿನ ಗೌರವಸ್ಥ. ಶಿಬಿರದ ಹುಡುಗರ ಅಜಾಗರೂಕತೆಯಿಂದ ಅವನ ಮಗು ಸಾಯುತ್ತದೆ. ಶೋಕದಿಂದ ಹುಚ್ಚನಾದ ಅವನು ಕೊಡಲಿ ಹಿಡಿದು ಕಾಡು ಸೇರುತ್ತಾನೆ. ಮಗು ಸತ್ತ ದಿನ ಬಂದಾಗ ಸೇಡಿಗಾಗಿ ಶಿಬಿರಕ್ಕೆ ಬರುತ್ತಾನೆ. ಹೇಳುವವನು ಚತುರನಾದರೆ ಆ ದಿನ ಈ ರಾತ್ರಿಯೇ, ಆ ಕಾಡು ಈ ಕಾಡೇ!

ಶಿಬಿರದ ಹಿರಿಯರು ಇದನ್ನು ಹೇಳುತ್ತಿದ್ದುದು ಸುಮ್ಮನೆ ಅಲ್ಲ. ರಾತ್ರಿ ಗುಡಾರ ಬಿಟ್ಟು ಅಲೆಯಬಾರದು, ಒಬ್ಬೊಬ್ಬರೇ ನೀರಿಗಿಳಿಯಬಾರದು, ಬೆಂಕಿಯನ್ನು ಆರಿಸದೆ ಮಲಗಬಾರದು ಎಂದು ನೂರು ಸಲ ವಿಧಿಸುವುದಕ್ಕಿಂತ ಒಂದು ಕ್ರಾಪ್ಸಿಯ ಕಥೆ ಮೇಲು. ನಮ್ಮ ಆಲಂಕಾರಿಕರು ಭಯವನ್ನು ಭಯಾನಕ ರಸದ ಸ್ಥಾಯಿಭಾವವೆಂದರು. ತನಗೆ ಅಪಾಯವಿಲ್ಲವೆಂಬ ಅರಿವು ಒಳಗೆ ಇದ್ದಾಗಲೇ ಭಯ ಆಸ್ವಾದ್ಯವಾಗುವುದು. ಪಕ್ಕದ ಗೆಳೆಯನ ತೋಳನ್ನು ಹಿಡಿದು ನಡುಗಿದ ಹುಡುಗ ಮರುದಿನ ನಗುತ್ತ ಎದ್ದು, ತಾನೇ ಆ ಕಥೆಯನ್ನು ಮತ್ತೊಬ್ಬನಿಗೆ ಹೇಳುತ್ತಾನೆ.

ಇಲ್ಲಿಯವರೆಗೆ ಎಲ್ಲವೂ ವಿನೋದ. ಆದರೆ ಕಥೆ ಶಿಬಿರದಲ್ಲೇ ಉಳಿಯಲಿಲ್ಲ. ನ್ಯೂಯಾರ್ಕ್ ನಗರಕ್ಕೆ ಸೇರಿದ ಸ್ಟೇಟನ್ ಐಲೆಂಡ್ ಎಂಬ ದ್ವೀಪದ ಮಕ್ಕಳ ಬಾಯಲ್ಲಿ ಕ್ರಾಪ್ಸಿಯು ಆಸ್ಪತ್ರೆಯಿಂದ ತಪ್ಪಿಸಿಕೊಂಡು ಪಾಳುಕಟ್ಟಡಗಳಲ್ಲಿ ಅಡಗಿರುವ ಹುಚ್ಚನಾದ. ಅದೇ ದ್ವೀಪದ ಕಾಡಿನ ನಡುವೆ ವಿಲೋಬ್ರುಕ್ ಎಂಬ ಸರ್ಕಾರಿ ಸಂಸ್ಥೆಯಿತ್ತು. ಬುದ್ಧಿಯ ಬೆಳವಣಿಗೆ ಕುಂಠಿತವಾದ ಮಕ್ಕಳನ್ನು ಅಲ್ಲಿ ಇರಿಸುತ್ತಿದ್ದರು. 4,000 ಮಂದಿಗೆಂದು ಕಟ್ಟಿದಲ್ಲಿ 1965ರ ವೇಳೆಗೆ 6,000 ಮಂದಿ ತುಂಬಿದ್ದರು. ಆ ವರ್ಷ ಸೆನೆಟ್ ಸದಸ್ಯ ರಾಬರ್ಟ್ ಕೆನಡಿ ಅಲ್ಲಿಗೆ ಹೋಗಿ ಬಂದು ಅದನ್ನು ಹಾವುಗಳ ಗುಂಡಿಗೆ ಹೋಲಿಸಿದರು. 1972ರಲ್ಲಿ ಜೆರಾಲ್ಡೊ ರಿವೇರಾ ಎಂಬ ವರದಿಗಾರ ದೂರದರ್ಶನದಲ್ಲಿ ಒಳಗಿನ ದೃಶ್ಯವನ್ನು ತೋರಿಸಿದಾಗ, ಮೈಮೇಲೆ ಬಟ್ಟೆಯಿಲ್ಲದೆ ಹೊಲಸಿನಲ್ಲಿ ಬಿದ್ದ ಮಕ್ಕಳನ್ನು ದೇಶವೇ ಕಂಡಿತು. ಮುಂದೆ ವ್ಯಾಜ್ಯ ನಡೆದು, 1987ರಲ್ಲಿ ಸಂಸ್ಥೆಯ ಬಾಗಿಲು ಮುಚ್ಚಿತು.

ಅದೇ 1987ರಲ್ಲಿ ದ್ವೀಪದ ಬಾಲಕಿಯೊಬ್ಬಳು ಕಾಣೆಯಾದಳು. ಅವಳ ಶವ ವಿಲೋಬ್ರುಕ್ ನೆಲದಲ್ಲೇ ಸಿಕ್ಕಿತು. ಅಪಹರಣಕ್ಕಾಗಿ ಮರುವರ್ಷ ಶಿಕ್ಷೆಯಾದದ್ದು ಯಾವ ರೋಗಿಗೂ ಅಲ್ಲ, ಹಿಂದೆ ಅಲ್ಲಿ ನೌಕರನಾಗಿದ್ದವನಿಗೆ. ಕ್ರಾಪ್ಸಿಯೇ ನಿಜವಾಗಿ ಬಂದನೆಂದು ಜನ ಆಡಿಕೊಂಡರು. 2009ರಲ್ಲಿ ಆ ಹೆಸರಿನಲ್ಲೇ ಒಂದು ಸಾಕ್ಷ್ಯಚಿತ್ರವೂ ಬಂತು.

ಮಕ್ಕಳು ಭಯಪಟ್ಟ ದಿಕ್ಕನ್ನು ನೋಡಿ. ಗೋಡೆಯ ಆಚೆಯಿಂದ ಹುಚ್ಚನೊಬ್ಬ ಹೊರಗೆ ಬಂದಾನೆಂದು ಅವರು ಹೆದರಿದರು. ಗೋಡೆಯ ಒಳಗೆ ತಮ್ಮದೇ ವಯಸ್ಸಿನವರು ನರಳುತ್ತಿದ್ದುದನ್ನು ಅವರಿಗೆ ಯಾರೂ ಹೇಳಲಿಲ್ಲ. ಕೇಡು ಅನುಭವಿಸಿದವನೇ ಕಥೆಯಲ್ಲಿ ಕೇಡಿಗನಾದ. ಶಿಬಿರದ ಮೂಲ ಕಥೆಯಲ್ಲಾದರೋ ತಪ್ಪು ಹುಡುಗರದು, ದುಃಖ ಕ್ರಾಪ್ಸಿಯದು ಎಂಬ ನ್ಯಾಯವಾದರೂ ಉಳಿದಿತ್ತು. ಊರಿಗೆ ಬರುವಾಗ ಆ ದುಃಖ ಕಳಚಿಬಿದ್ದು ಕೊಡಲಿ ಮಾತ್ರ ಉಳಿಯಿತು.

ಮಕ್ಕಳಿಗೆ ಭೂತದ ಕಥೆ ಬೇಡವೆಂದು ಯಾರೂ ಹೇಳಬೇಕಾಗಿಲ್ಲ. ಹೇಳಿದರೂ ಅವರು ಕೇಳುವವರಲ್ಲ. ಆದರೆ ಕಥೆ ಮುಗಿದ ಮೇಲೆ, ಆ ಭೂತ ಬದುಕಿದ್ದಾಗ ಯಾರಾಗಿತ್ತು, ಅದಕ್ಕೆ ಏನಾಯಿತು ಎಂದು ಮಗು ಕೇಳಿದರೆ, ಮಲಗು ಹೋಗು ಎಂದು ಗದರಿಸದೆ ಉತ್ತರ ಹೇಳುವುದು ಹಿರಿಯರಿಗೆ ಸೇರಿದ ಕೆಲಸ.