ಸಫೈರ್ ಕಾರ್ಯಾಚರಣೆ

ಕಜಕಸ್ತಾನದ ಉಸ್ತ್-ಕಮೆನೋಗೋರ್ಸ್ಕ್ (ಇಂದಿನ ಓಸ್ಕೆಮೆನ್) ನಗರದ ಉಲ್ಬಾ ಲೋಹ ಕಾರ್ಖಾನೆಯಲ್ಲಿದ್ದ ಸುಮಾರು 600 ಕಿಲೋ ಯುರೇನಿಯಂ ಅನ್ನು 1994ರ ನವೆಂಬರಿನಲ್ಲಿ ಅಮೆರಿಕಕ್ಕೆ ಸಾಗಿಸಿದ ಗುಪ್ತ ಕಾರ್ಯಾಚರಣೆ. ಸೋವಿಯತ್ ನೌಕಾಪಡೆಯ ಆಲ್ಫಾ ದರ್ಜೆಯ ಜಲಾಂತರ್ಗಾಮಿಗಳ ಇಂಧನಕ್ಕೆಂದು ತಯಾರಾಗಿದ್ದ ಈ ಸರಕು ಶೇ 90ರಷ್ಟು ಸಂವರ್ಧಿತವಾಗಿತ್ತು. ಅಂದರೆ ನೇರ ಬಾಂಬಿಗೇ ಬಳಸಬಹುದಾದದ್ದು. ಸುಮಾರು ಎರಡು ಡಜನ್ ಬಾಂಬುಗಳಿಗೆ ಸಾಕಾಗುವಷ್ಟಿತ್ತು.

1991ರಲ್ಲಿ ಸೋವಿಯತ್ ಒಕ್ಕೂಟ ಒಡೆದಾಗ ಹೊಸ ದೇಶಗಳ ಪಾಲಿಗೆ ಸಿಡಿತಲೆಗಳ ಜೊತೆ ಇಂಥ ದಾಸ್ತಾನುಗಳೂ ಬಂದವು. ಸಿಡಿತಲೆಗಳನ್ನು ಎಣಿಸುವವರಿದ್ದರು, ದಾಸ್ತಾನುಗಳ ಲೆಕ್ಕ ಹಲವೆಡೆ ಯಾರ ಬಳಿಯೂ ಸರಿಯಾಗಿರಲಿಲ್ಲ. ಆ ವರ್ಷಗಳ ನಿಜವಾದ ಅಪಾಯ ಅಲ್ಲಿತ್ತು. ಉಲ್ಬಾದ ಸಂಗತಿ ಹೊರಬಿದ್ದದ್ದೂ ಪತ್ತೇದಾರಿಕೆಯಿಂದಲ್ಲ, ನಂಬಿಕೆಯಿಂದ. 1993ರಲ್ಲಿ, ಕಾರ್ಖಾನೆಯವರ ವಿಶ್ವಾಸ ಗಳಿಸಿದ್ದ ಅಲ್ಮಾಟಿಯ ಅಮೆರಿಕನ್ ರಾಯಭಾರ ಕಚೇರಿಯ ಆಂಡಿ ವೆಬರ್ ಕೈಗೆ ಒಂದು ಚೀಟಿ ಬಂತು. ಅದರಲ್ಲಿದ್ದದ್ದು ಇಷ್ಟೇ: ಯುರೇನಿಯಂ 235, ಶೇ 90, 600 ಕಿಲೋ.

ಮರುವರ್ಷ ಮಾರ್ಚಿನಲ್ಲಿ ಮಾದರಿ ತೆಗೆಯಲು ಹೋದವರು ಕಂಡದ್ದು ಬೀಗ ಹಾಕಿದ ಬಾಗಿಲು. ಒಳಗೆ, ನೆಲದಿಂದ ತುಸು ಎತ್ತರದ ಹಲಗೆಗಳ ಮೇಲೆ ದೂರ ದೂರ ಜೋಡಿಸಿಟ್ಟ ಉಕ್ಕಿನ ಡಬ್ಬಿಗಳು. ಒತ್ತಾಗಿ ಇಟ್ಟರೆ ಸರಣಿ ಕ್ರಿಯೆ ತಾನಾಗಿ ಶುರುವಾದೀತೆಂಬ ಎಚ್ಚರ ಅದು. ಒಳಗಿನವರ ಅಚಾತುರ್ಯಕ್ಕೆ ಅಷ್ಟು ಮುಂಜಾಗ್ರತೆ, ಹೊರಗಿನ ಕಳ್ಳನಿಗೆ ಒಂದು ಬೀಗ!

ಅಕ್ಟೋಬರಿನಲ್ಲಿ ಬಂದಿಳಿದ 31 ಮಂದಿಯ ಅಮೆರಿಕನ್ ತಂಡ ದಿನಕ್ಕೆ ಹನ್ನೆರಡು ತಾಸು, ವಾರಕ್ಕೆ ಆರು ದಿನ ದುಡಿದು ಸರಕನ್ನು ಹೊಸ ಡಬ್ಬಿಗಳಿಗೆ ತುಂಬಿ, 448 ಸಾಗಣೆ ಪೀಪಾಯಿಗಳಲ್ಲಿ ಭದ್ರಪಡಿಸಿತು. ಪರಮಾಣು ವಸ್ತು ಅತ್ಯಂತ ಅಸುರಕ್ಷಿತವಾಗುವುದು ದಾರಿಯಲ್ಲಿ. 1980ರ ಪರಮಾಣು ವಸ್ತುಗಳ ಭೌತಿಕ ರಕ್ಷಣಾ ಒಪ್ಪಂದವು ಅಂತರರಾಷ್ಟ್ರೀಯ ಸಾಗಣೆಯ ಮೇಲೇ ಒತ್ತು ಕೊಟ್ಟದ್ದು ಸುಮ್ಮನೆ ಅಲ್ಲ. ಇಲ್ಲಿಯೂ ಕಾರ್ಖಾನೆಯಿಂದ ವಿಮಾನ ನಿಲ್ದಾಣದವರೆಗಿನ ಹಿಮಗಟ್ಟಿದ ರಸ್ತೆಯಲ್ಲಿ, ಬೆಳಕು ಹರಿಯುವ ಮುನ್ನ, ಲಾರಿಗಳು ಜಾರುತ್ತ ಸಾಗಿದವು. ರನ್‌ವೇಯ ಹಿಮವನ್ನು ಲಾರಿಗೆ ಕಟ್ಟಿದ ಜೆಟ್ ಎಂಜಿನ್ನಿನಿಂದ ಊದಿ ತೆಗೆಯಬೇಕಾಯಿತು. ಸಿ-5 ವಿಮಾನಗಳು ಆಕಾಶದಲ್ಲೇ ಇಂಧನ ತುಂಬಿಸಿಕೊಂಡು, ಎಲ್ಲೂ ಇಳಿಯದೆ ಡೆಲವೇರ್‌ನ ಡೋವರ್ ತಲುಪಿದವು. ಅಲ್ಲಿಂದ ಟೆನೆಸಿಯ ಓಕ್ ರಿಜ್‌ಗೆ ರಸ್ತೆಯ ಪಯಣ. ನವೆಂಬರ್ 23ರಂದು ಅಮೆರಿಕ ಸರ್ಕಾರ ವಿಷಯವನ್ನು ಬಹಿರಂಗಪಡಿಸಿತು.

ಇದರ ಶ್ರೇಯಸ್ಸನ್ನು ವಾಷಿಂಗ್ಟನ್ನಿಗಷ್ಟೇ ಕೊಡುವುದು ನ್ಯಾಯವಲ್ಲ. ಸೆಮಿಪಲಾಟಿನ್ಸ್ಕ್‌ನಲ್ಲಿ ನಾಲ್ಕು ದಶಕ ಸೋವಿಯತ್ ಪರೀಕ್ಷಾ ಸ್ಫೋಟಗಳನ್ನು ಉಂಡ ಜನ ಕಜಕರು. 1991ರ ಆಗಸ್ಟ್ 29ರಂದು ಆ ನೆಲೆಯನ್ನು ಮುಚ್ಚಿ, 1994ರ ಫೆಬ್ರವರಿಯಲ್ಲಿ ಪರಮಾಣು ಅಸ್ತ್ರ ಪ್ರಸರಣ ತಡೆ ಒಪ್ಪಂದಕ್ಕೆ ಸೇರಿ, 1995ರ ಹೊತ್ತಿಗೆ ತಮ್ಮಲ್ಲಿದ್ದ ಸಿಡಿತಲೆಗಳನ್ನೆಲ್ಲ ರಷ್ಯಾಕ್ಕೆ ಒಪ್ಪಿಸಿದರು. 2017ರಲ್ಲಿ ಉಲ್ಬಾ ಕಾರ್ಖಾನೆಯ ಆವರಣದಲ್ಲೇ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ಇಂಧನ ಬ್ಯಾಂಕ್ ಉದ್ಘಾಟನೆಯಾಯಿತು. ಅಲ್ಲಿ ಈಗಿರುವುದು ವಿದ್ಯುತ್ ರಿಯಾಕ್ಟರುಗಳಿಗಾಗುವ ಅಲ್ಪ ಸಂವರ್ಧಿತ ಯುರೇನಿಯಂ.