‘ಸ್ಟೇಷನ್’ ಶಬ್ದದ ಕುಲವೂ ಅರ್ಥವಿಸ್ತಾರವೂ

ಕ್ರಿ. ಶ. 1871ರಲ್ಲಿ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಮುಂಬಯಿ ಮಾರ್ಗವು ರಾಯಚೂರಿನಲ್ಲಿ ಮದರಾಸಿನ ಮಾರ್ಗವನ್ನು ಕೂಡಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮಸಂಸ್ಥಾನದ ರೈಲುಮಾರ್ಗವು ತೆರೆಯಿತು. ಶಹಾಬಾದವೂ ವಾಡಿಯೂ ಮೊದಲನೆಯ ಮಾರ್ಗದಲ್ಲಿವೆ. ಚಿತ್ತಾಪುರವೂ ಸೇಡಮವೂ ಎರಡನೆಯದರಲ್ಲಿವೆ. ಹಳಿಗಳೊಡನೆ ಈ ಸೀಮೆಗೆ ಬಂದ ಇಂಗ್ಲಿಷ್ ಶಬ್ದಗಳಲ್ಲಿ ‘ಸ್ಟೇಷನ್’ ಎಂಬುದು ಬಹು ಬಳಕೆಯದು. ರೈಲುಮಾರ್ಗವು ಮುಟ್ಟದ ಚಿಂಚೋಳಿಯಲ್ಲಿಯೂ ಪೋಲೀಸ್ ಸ್ಟೇಷನ್ನೆಂಬ ರೂಪದಲ್ಲಿ ಅದು ನೆಲೆಗೊಂಡಿದೆ. ಹಳ್ಳಿಗರು ಅದನ್ನು ‘ಟೇಸನ್’ ಎನ್ನುವುದುಂಟು. ಈ ರೂಪವನ್ನು ಅಶುದ್ಧವೆಂದು ತಿದ್ದುವುದೂ, ಮೂಲಶಬ್ದವನ್ನು ಕೇವಲ ಪರಕೀಯವೆಂದು ದೂರುವುದೂ ವಿದ್ಯಾವಂತರಲ್ಲಿ ಕಂಡುಬರುತ್ತವೆ. ಇವೆರಡೂ ಎಷ್ಟರಮಟ್ಟಿಗೆ ಯುಕ್ತವೆಂಬುದು ವಿಚಾರಾರ್ಹವಾಗಿದೆ.

ಲ್ಯಾಟಿನಿನಲ್ಲಿ ‘ಸ್ತಾರೆ’ ಎಂದರೆ ನಿಲ್ಲುವುದು. ಅದರಿಂದ ಹುಟ್ಟಿದ ‘ಸ್ತಾತಿಯೋ’ ಎಂಬುದಕ್ಕೆ ಕಾವಲಿನ ಪಡೆ ನಿಲ್ಲುವ ಎಡೆ, ಹಡಗು ತಂಗುವ ರೇವು ಮೊದಲಾದ ಅರ್ಥಗಳಿದ್ದುವು. ಆದಿಕಾಲದ ಕ್ರೈಸ್ತರು ಬುಧವಾರ ಶುಕ್ರವಾರಗಳ ಉಪವಾಸವನ್ನೂ ಈ ಹೆಸರಿನಿಂದಲೇ ಕರೆದರು. ಫ್ರೆಂಚಿನ ಮೂಲಕ ಇಂಗ್ಲಿಷನ್ನು ಸೇರಿದ ಮೇಲೆ ಇದಕ್ಕೆ ಮನುಷ್ಯನ ಸಾಮಾಜಿಕ ಅಂತಸ್ತೆಂಬ ಅರ್ಥವೂ ಬಂದಿತು. ಭಾರತದಲ್ಲಿ ಆಂಗ್ಲ ಅಧಿಕಾರಿಗಳು ವಾಸಿಸುತ್ತಿದ್ದ ಊರೂ, ಆಸ್ಟ್ರೇಲಿಯದಲ್ಲಿ ಕುರಿದನಗಳನ್ನು ಸಾಕುವ ವಿಶಾಲಭೂಮಿಯೂ ‘ಸ್ಟೇಷನ್’ ಎನಿಸಿಕೊಂಡುವು. ಮಧ್ಯಯುಗದ ಯೂರೋಪಿನ ವಿದ್ಯಾಪೀಠಗಳ ಬಳಿ, ತಿರುಗಾಡದೆ ಒಂದೇ ಕಡೆ ನಿಂತು ಪುಸ್ತಕ ಮಾರುತ್ತಿದ್ದವನ ಹೆಸರಿನಿಂದ ಇಂದಿನ ‘ಸ್ಟೇಷನರಿ’ ಎಂಬ ಮಾತು ಹುಟ್ಟಿತು. ಅರ್ಥಗಳು ಇಷ್ಟು ಕವಲೊಡೆದರೂ ನಿಲ್ಲುವಿಕೆಯೆಂಬ ಬೇರು ಒಂದೇ.

ಈ ಬೇರು ಸಂಸ್ಕೃತಜ್ಞರಿಗೆ ಅಪರಿಚಿತವಲ್ಲ. ಧಾತುಪಾಠವು ಸ್ಥಾಧಾತುವಿಗೆ ಗತಿನಿವೃತ್ತಿಯೆಂಬ ಅರ್ಥವನ್ನು ಹೇಳುತ್ತದೆ. ರೈಲು ನಿಲ್ಲುವ ಎಡೆಗೆ ಇದಕ್ಕಿಂತ ತಕ್ಕ ವಿವರಣೆ ಬೇಕಿಲ್ಲ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಏಕಮೂಲದವಾಗಿರಬೇಕೆಂದು 1786ರಲ್ಲಿ ಸರ್ ವಿಲಿಯಂ ಜೋನ್ಸ್ ಸೂಚಿಸಿದ ಬಳಿಕ, ಸ್ಥಾ-ಸ್ತಾರೆಗಳ ಸೋದರತ್ವವು ಭಾಷಾಶಾಸ್ತ್ರದಲ್ಲಿ ಸಿದ್ಧವಾಗಿದೆ. ಪ್ರತ್ಯಯದೃಷ್ಟಿಯಿಂದ ‘ಸ್ತಾತಿಯೋ’ ಎಂಬುದು ‘ಸ್ಥಿತಿ’ಗೆ ಸಮೀಪವಾದುದು, ಅರ್ಥದೃಷ್ಟಿಯಿಂದ ‘ಸ್ಥಾನ’ಕ್ಕೆ.

ಸ್ಥಾನಶಬ್ದವು ಈ ಸೀಮೆಯಲ್ಲಿ ರೈಲಿಗಿಂತ ಬಹು ಪ್ರಾಚೀನವಾದುದು. ಚಿತ್ತಾಪುರದ ಬಳಿಯ ನಾಗಾವಿಯು ಘಟಿಕಾಸ್ಥಾನವೆಂದು ಪ್ರಸಿದ್ಧ. ಅಲ್ಲಿಯ ಕ್ರಿ. ಶ. 1058ರ ಶಾಸನವು ವೇದ ಕಲಿಯುವ 200 ಮಂದಿ, ಶಾಸ್ತ್ರ ಕಲಿಯುವ 50 ಮಂದಿ ವಿದ್ಯಾರ್ಥಿಗಳನ್ನೂ, 6 ಮಂದಿ ಸರಸ್ವತೀಭಂಡಾರಿಗರನ್ನೂ ಹೇಳುತ್ತದೆ. ಅದೇ ಸ್ಥಾನವು ಪ್ರಾಕೃತದಲ್ಲಿ ‘ಠಾಣ’ವಾಗಿ, ಮರಾಠಿಯಲ್ಲಿ ‘ಠಾಣೆ’ಯಾಗಿ ಕನ್ನಡಕ್ಕೂ ಬಂದಿತು, ಪಾರಸಿಯಲ್ಲಿ ಅದರ ಸೋದರಪದವು ‘ಸ್ತಾನ್’ ಆಗಿ ‘ಕಬರಸ್ತಾನ’ದಲ್ಲಿ ಉಳಿದಿದೆ. ಹೀಗೆ ಒಂದೇ ಕುಲದ ಮಕ್ಕಳು ಬೇರೆಬೇರೆ ದಾರಿಗಳಿಂದ ಬಂದು ಒಂದೇ ಪೇಟೆಯಲ್ಲಿ ಕೂಡಿದಂತಾಯಿತು.

ಇನ್ನು ‘ಟೇಸನ್’ ಎಂಬ ರೂಪ. 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದ ಅಪಭ್ರಂಶಪ್ರಕರಣದಲ್ಲಿ ತದ್ಭವಗಳ ಬಗೆಯನ್ನು ವಿವರಿಸಿದ್ದಾನೆ. ಸ್ನೇಹವು ‘ನೇಹ’ವಾಗುವಾಗಲೂ, ಸ್ಥಾನವು ‘ತಾಣ’ವಾಗುವಾಗಲೂ ಪದಾದಿಯ ಸಕಾರವು ಲೋಪವಾಗುತ್ತದೆ. ಭಾಷೆಯು ‘ಬಾಸೆ’ಯಾಗುವಾಗ ಷಕಾರವು ಸಕಾರವಾಗುತ್ತದೆ. ‘ಸ್ಟೇಷನ್’ ಎಂಬುದು ‘ಟೇಸನ್’ ಆದುದರಲ್ಲಿ ಈ ಎರಡು ಕಾರ್ಯಗಳೂ ಕ್ರಮವಾಗಿ ನಡೆದಿವೆ. ತದ್ಭವವೆಂಬ ಸಂಜ್ಞೆಯು ಸಂಸ್ಕೃತಮೂಲದ ಪದಗಳಿಗೇ ಸಲ್ಲುವುದೆಂದು ಆಕ್ಷೇಪಿಸಬಹುದು. ಸಂಜ್ಞೆಯನ್ನು ಬಿಟ್ಟರೂ ಪ್ರಕ್ರಿಯೆಯ ಏಕತೆಯನ್ನು ನಿರಾಕರಿಸಲಾಗದು.

‘ಸ್ಟೇಷನ್’ ಎಂಬುದಕ್ಕೆ ಬದಲಾಗಿ ಸಲ್ಲುವ ‘ನಿಲ್ದಾಣ’ವು ಸೊಗಸಾದ ಪದ. ‘ನಿಲ್’ ಎಂಬ ದೇಶ್ಯಧಾತುವಿಗೆ ‘ತಾಣ’ವು ಸೇರಿ, ತಕಾರಕ್ಕೆ ದಕಾರವು ಆದೇಶವಾಗಿ ಇದು ಸಿದ್ಧಿಸಿದೆ. ತಾಣವು ತದ್ಭವವಾದುದರಿಂದ ಅರಿಸಮಾಸದ ಶಂಕೆಗೂ ಎಡೆಯಿಲ್ಲ. ಆದರೆ ಇದರ ಉತ್ತರಪದವೂ ‘ಸ್ಟೇಷನ್’ ಹುಟ್ಟಿದ ಮೂಲದಿಂದಲೇ ಬಂದುದು. ಪರಕೀಯವೆಂದು ಒಂದನ್ನು ಹೊರಗಿಟ್ಟವರು ಅದರ ದಾಯಾದಿಯನ್ನೇ ಒಳಗೆ ಕರೆದಿದ್ದಾರೆ.

ಆದುದರಿಂದ ಗ್ರಂಥದಲ್ಲಿ ‘ನಿಲ್ದಾಣ’ವು ಸಲ್ಲಲಿ. ಆದರೆ ಹಳ್ಳಿಯ ಬಾಲಕನು ‘ಟೇಸನ್’ ಎಂದರೆ ಉಪಾಧ್ಯಾಯನು ಅದನ್ನು ನಾಲಗೆಯ ದೋಷವೆಂದು ಹಳಿಯುವುದು ಯುಕ್ತವಲ್ಲ. ಆ ಬಾಲಕನು ಓದದೆಯೇ ಕನ್ನಡದ ಪ್ರಾಚೀನಸೂತ್ರವನ್ನು ಪಾಲಿಸಿದ್ದಾನೆ. ಇಂತಹ ರೂಪಗಳನ್ನು ನಿಘಂಟುಗಳು ಪ್ರಯೋಗದ ಸ್ಥಳದೊಡನೆ ದಾಖಲಿಸುವುದು ಅವಶ್ಯ.